ಮಳೆಗೆ ಮುಂಚೆ ಬರುವ ತಣ್ಣನೆ ಗಾಳಿಯನ್ನು ಹಿಡಿಯುವ ಬರೋಗ್ರಾಫ್: ಟೆರೇಸ್ ಮೇಲೆ ಕಟ್ಟಿದ್ದು ಹೀಗೆ

ಏಪ್ರಿಲ್, ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಮಳೆ ಶುರುವಾಗುವ ಸ್ವಲ್ಪ ಮುಂಚೆ ಒಂದು ಗಾಳಿ ಬರುತ್ತದೆ. ಅಲ್ಲಿಯವರೆಗೆ ಸೆಕೆ. ಎಲೆ ಅಲ್ಲಾಡುವುದಿಲ್ಲ. ಇದ್ದಕ್ಕಿದ್ದ ಹಾಗೆ ಧೂಳೆದ್ದು, ಕಿಟಕಿ ಬಡಿದು, ಗಾಳಿ ತಣ್ಣಗಾಗಿ ಮಣ್ಣಿನ ವಾಸನೆ ಬರುತ್ತದೆ, ಆದರೆ ನಮ್ಮ ಬೀದಿಯಲ್ಲಿ ಇನ್ನೂ ಒಂದು ಹನಿ ಬಿದ್ದಿರುವುದಿಲ್ಲ. ಗುಲ್ ಮೊಹರ್ ಕೊಂಬೆಗಳು ಮುರಿದು ಕಾರುಗಳ ಮೇಲೆ ಬೀಳುವುದು ಬಹಳ ಸಲ ಈ ಮೊದಲ ಐದು ಹತ್ತು ನಿಮಿಷದಲ್ಲೇ. ಈ ಗಾಳಿ ಬಂತು ಅನ್ನುವುದನ್ನು ವಾಯು ಒತ್ತಡ ಮತ್ತು ತಾಪಮಾನ ನೋಡಿ ಹಿಡಿಯುವ ಒಂದು ಚಿಕ್ಕ ಬರೋಗ್ರಾಫ್, ಅಂದರೆ ಒತ್ತಡದ ಏರಿಳಿತವನ್ನು ಗೆರೆಯಾಗಿ ಬರೆದಿಡುವ ಉಪಕರಣ, ಕಟ್ಟಿದ್ದೇನೆ. ಒಟ್ಟು ಖರ್ಚು ನಾಲ್ಕು ಸಾವಿರ ರೂಪಾಯಿಯೊಳಗೆ. ಮಾಡಬೇಕು ಅನ್ನುವವರಿಗೆ ಎಲ್ಲವನ್ನೂ ಬರೆದಿಡುತ್ತಿದ್ದೇನೆ, ಯಾಕೆ ಹಾಗೆ ಕಟ್ಟಬೇಕು ಅನ್ನುವುದನ್ನೂ ಸೇರಿಸಿ.

ಮೊದಲು ಒಂದು ವಿಷಯ ಹೇಳಿಬಿಡಬೇಕು. "ಬರೋಮೀಟರ್ ಇಳಿದರೆ ಬಿರುಗಾಳಿ, ಏರಿದರೆ ಒಳ್ಳೆಯ ಹವೆ" ಅನ್ನುವ ಪಾಠ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಯುರೋಪಿನಂಥ ಜಾಗಕ್ಕೆ ಸರಿ. ಅಲ್ಲಿ ದೊಡ್ಡ ದೊಡ್ಡ ವಾಯುಭಾರ ಕುಸಿತಗಳು ದಿನಗಟ್ಟಲೆ ಹಾದು ಹೋಗುತ್ತವೆ. ನಮ್ಮ ಸಂಜೆ ಮಳೆಗೆ ಆ ನಿಯಮ ನಡೆಯುವುದಿಲ್ಲ. ನಮ್ಮ ಕಡೆ ಒತ್ತಡ ಮಳೆ ಇರಲಿ ಇಲ್ಲದಿರಲಿ ಪ್ರತಿದಿನ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ಕೆಳಗೆ, ರಾತ್ರಿ ಹತ್ತಕ್ಕೆ ಮತ್ತೆ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಕೆಳಗೆ. ಎತ್ತರದಲ್ಲಿರುವ ಓಝೋನ್ ಮತ್ತು ಕೆಳಗಿನ ನೀರಾವಿ ಬಿಸಿಲನ್ನು ಹೀರಿ ಬಿಸಿಯಾಗುವುದರಿಂದ ವಾತಾವರಣದಲ್ಲಿ ಏಳುವ ಅಲೆ ಇದು. ಸೂರ್ಯನ ಜೊತೆಗೇ ಭೂಮಿಯನ್ನು ಸುತ್ತುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆಯಿಂದ ಸಂಜೆಗೆ ಮೂರರಿಂದ ನಾಲ್ಕು ಮಿಲಿಬಾರ್ (ಒತ್ತಡ ಅಳೆಯುವ ಮಾನ) ಇಳಿಯುವುದು ನಮ್ಮಲ್ಲಿ ಮಾಮೂಲು. ಅದನ್ನು ನೋಡಿ ಬಿರುಗಾಳಿ ಬರುತ್ತದೆ ಅಂತ ಹೇಳಿದರೆ ದಿನಾ ಮಧ್ಯಾಹ್ನ ಹೇಳಬೇಕಾಗುತ್ತದೆ.

ಒತ್ತಡದ ಅಂಕಿಯೊಂದನ್ನೇ ನೋಡಿ ಏನೂ ಹೇಳಲಾಗದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಇದೆ. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಸೂಪರ್ ಸೈಕ್ಲೋನ್‌ನ ನಡುವೆ ಒತ್ತಡ 912 ಮಿಲಿಬಾರ್ ತನಕ ಇಳಿದಿತ್ತು. ಸಮುದ್ರ ಮಟ್ಟದಲ್ಲಿ ಅದು ಭಯಂಕರ ಅಂಕಿ. ಬೆಂಗಳೂರಿನಲ್ಲಿ ಅದು ಯಾವ ವಿಶೇಷವೂ ಇಲ್ಲದ ಒಂದು ದಿನದ ಒತ್ತಡ, ಯಾಕೆಂದರೆ ಊರು ಇರುವುದೇ ಸುಮಾರು 920 ಮೀಟರ್ ಎತ್ತರದಲ್ಲಿ. ಹಾಗಾಗಿ ಒತ್ತಡ ಎಷ್ಟಿದೆ ಅನ್ನುವುದು ಈ ಕೆಲಸಕ್ಕೆ ಬೇಡ. ಹತ್ತು ನಿಮಿಷದಲ್ಲಿ ಎಷ್ಟು ಬದಲಾಯಿತು ಅನ್ನುವುದು ಬೇಕು. ಇಡೀ ಉಪಕರಣ ನಿಂತಿರುವುದು ಈ ಒಂದು ಮಾತಿನ ಮೇಲೆ.

ಹತ್ತು ನಿಮಿಷದಲ್ಲಿ ಯಾಕೆ ಬದಲಾಗುತ್ತದೆ? ಮಧ್ಯಾಹ್ನ ನೆಲ ಕಾದು, ತೇವ ತುಂಬಿದ ಗಾಳಿ ಮೇಲೇಳುತ್ತದೆ. ಏರುತ್ತಾ ತಣ್ಣಗಾಗಿ ನೀರಾವಿ ಹನಿಯಾಗುತ್ತದೆ. ಒಂದು ಕಿಲೋ ನೀರಾವಿ ಹನಿಯಾದರೆ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ, ಆ ಶಾಖದಿಂದ ಮೋಡದೊಳಗಿನ ಗಾಳಿ ಸುತ್ತಲಿಗಿಂತ ಬೆಚ್ಚಗಾಗಿ ಇನ್ನೂ ಮೇಲಕ್ಕೆ ನುಗ್ಗುತ್ತದೆ. ಐದು ಕಿಲೋಮೀಟರ್ ದಾಟಿದ ಮೇಲೆ ಶೂನ್ಯ ಡಿಗ್ರಿಗಿಂತ ಕೆಳಗೆ. ಅಲ್ಲಿ ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ಬಡಿದು ವಿದ್ಯುತ್ ಚಾರ್ಜ್ ಬೇರೆಬೇರೆಯಾಗುತ್ತದೆ. ಮಿಂಚು ಹುಟ್ಟುವುದು ಅಲ್ಲಿಂದ. ಕೊನೆಗೆ ಹನಿ, ಆಲಿಕಲ್ಲುಗಳ ತೂಕ ಜಾಸ್ತಿಯಾಗಿ ಅವು ಕೆಳಗೆ ಬೀಳುತ್ತವೆ, ಬೀಳುವಾಗ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಬರುತ್ತವೆ. ಮೋಡದ ಕೆಳಗಿನ ಒಣ ಗಾಳಿಯಲ್ಲಿ ಒಂದಷ್ಟು ಹನಿ ಆವಿಯಾಗುತ್ತವೆ. ಆವಿಯಾಗಲು ಬೇಕಾದ ಶಾಖ ಆ ಗಾಳಿಯಿಂದಲೇ ಹೋಗುತ್ತದೆ. ಗಾಳಿ ತಣ್ಣಗಾಯಿತು, ಭಾರವಾಯಿತು, ಧುಮುಕಿತು. ನೆಲ ಮುಟ್ಟಿದ ಮೇಲೆ ಕಾವಲಿ ಮೇಲೆ ಸುರಿದ ದೋಸೆ ಹಿಟ್ಟಿನ ಹಾಗೆ ಎಲ್ಲ ಕಡೆಗೂ ಹರಡುತ್ತದೆ. ಅದರ ಮುಂಚೂಣಿಯೇ ನಮ್ಮ ಕಿಟಕಿ ಬಡಿಯುವ ಗಾಳಿ. ಎಲ್ಲೋ ದೂರದಲ್ಲಿ ಬಿದ್ದ ಮಳೆಯ ಮಣ್ಣಿನ ವಾಸನೆಯನ್ನು ನಮಗೆ ತಂದು ಕೊಡುವುದೂ ಅದೇ.

ತಣ್ಣನೆ ಗಾಳಿ ಭಾರ. ಹಾಗಾಗಿ ಅದು ತಲೆ ಮೇಲೆ ಬಂದು ನಿಂತರೆ ಒತ್ತಡ ಏರಲೇಬೇಕು. ಲೆಕ್ಕ ಸುಲಭ. ನಮ್ಮ ಎತ್ತರದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.06 ಕಿಲೋ ತೂಗುತ್ತದೆ. ಒಂದು ಕಿಲೋಮೀಟರ್ ದಪ್ಪದ ಗಾಳಿ 8 ಡಿಗ್ರಿ ತಣ್ಣಗಾದರೆ ಒತ್ತಡ ಸುಮಾರು 2.8 ಮಿಲಿಬಾರ್ ಏರುತ್ತದೆ. ದಪ್ಪ ಅರ್ಧ ಕಿಲೋಮೀಟರ್ ಆದರೆ 1.4. ದಿನದ ಅಲೆ ಎಷ್ಟೇ ಬೇಗ ಬದಲಾದರೂ ಹತ್ತು ನಿಮಿಷಕ್ಕೆ 0.1 ಮಿಲಿಬಾರ್ ಆಸುಪಾಸು ಅಷ್ಟೇ. ಎರಡಕ್ಕೂ ವೇಗದಲ್ಲಿ ಇಷ್ಟು ಅಂತರ ಇರುವಾಗ ಬೇರ್ಪಡಿಸುವುದು ಕಷ್ಟವೇ ಅಲ್ಲ.

ಇದೇ ಗೆರೆಯನ್ನು ನೋಡಿ ಒಬ್ಬ ಮನುಷ್ಯ ಗುಡುಗು ಮೋಡದ ಒಳಗೇನಾಗುತ್ತದೆ ಅಂತ ಕಂಡುಕೊಂಡ ಅನ್ನುವುದು ನನಗೆ ಈ ಪ್ರಾಜೆಕ್ಟಿನ ಮೇಲೆ ಇಷ್ಟು ಪ್ರೀತಿ ಬರಲು ಕಾರಣ. ಜಪಾನಿನ ಕ್ಯೂಶೂ ದ್ವೀಪದ ಟೆಟ್ಸುಯಾ ಫುಜಿತಾ 1947ರಲ್ಲಿ ಸೆಬುರಿ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಗುಡುಗು ಮಳೆಯೊಂದರ ಒತ್ತಡ, ಗಾಳಿಯ ದಾಖಲೆ ಹಿಡಿದು ಕೂತು, ಮೋಡದಿಂದ ಗಾಳಿ ಕೆಳಗೂ ಇಳಿಯುತ್ತದೆ ಅನ್ನುವ ತೀರ್ಮಾನಕ್ಕೆ ಬಂದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹೊರೇಸ್ ಬೈಯರ್ಸ್ ನೇತೃತ್ವದ ತಂಡ 1946ರಲ್ಲಿ ಫ್ಲಾರಿಡಾದಲ್ಲಿ, 1947ರಲ್ಲಿ ಒಹಾಯೋದಲ್ಲಿ ಯುದ್ಧವಿಮಾನಗಳನ್ನು ಸೀದಾ ಮೋಡದೊಳಗೆ ಹಾರಿಸಿ ಅದನ್ನೇ ಅಳೆಯುತ್ತಿತ್ತು. ಫುಜಿತಾ ತಮ್ಮ ಬರಹವನ್ನು ಬೈಯರ್ಸ್‌ಗೆ ಕಳಿಸಿದರು, 1953ರಲ್ಲಿ ಶಿಕಾಗೊಗೆ ಹೋದರು. ಮುಂದೆ 1975ರ ಜೂನ್ 24ರಂದು ನ್ಯೂಯಾರ್ಕ್‌ನ ಕೆನಡಿ ವಿಮಾನ ನಿಲ್ದಾಣದ ಹತ್ತಿರ ಇಳಿಯುವಾಗ ವಿಮಾನವೊಂದು ಬಿದ್ದದ್ದಕ್ಕೆ ಇಂಥ ಧುಮುಕುವ ಗಾಳಿಯೇ ಕಾರಣ ಅಂತ ತೋರಿಸಿದವರೂ ಅವರೇ. ಅಷ್ಟು ದೊಡ್ಡ ವಿಷಯದ ಒಂದು ತುದಿಯನ್ನು ಇವತ್ತು ನಾವು ಕೆಲವು ನೂರು ರೂಪಾಯಿಯ ಸೆನ್ಸರ್‌ನಿಂದ ಮನೆಯಲ್ಲೇ ನೋಡಬಹುದು.

ಇನ್ನು ಕಟ್ಟುವ ಕೆಲಸ.

ಸೆನ್ಸರ್ ಬಾಷ್ ಕಂಪನಿಯ ಬಿಎಂಇ280. ಒತ್ತಡ, ತಾಪಮಾನ, ತೇವಾಂಶ ಮೂರೂ ಕೊಡುತ್ತದೆ. ಇದರ ಒತ್ತಡದ ಅಂಕಿ ಒಂದು ಮಿಲಿಬಾರ್ ಆಚೀಚೆ ಇರಬಹುದು, ಆದರೆ ಬದಲಾವಣೆಯನ್ನು ತುಂಬಾ ಚೆನ್ನಾಗಿ ತೋರಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ತಗೊಳ್ಳುವಾಗ ಒಂದು ಎಚ್ಚರ: ತೇವಾಂಶ ಅಳೆಯದ ಬಿಎಂಪಿ280 ಅನ್ನು ಬಿಎಂಇ280 ಅಂತ ಕೊಡುವುದು ಬಹಳ ಕಡೆ ಇದೆ. ನನಗೂ ಒಂದು ಅಂಗಡಿಯಿಂದ ಹಾಗೇ ಬಂತು. ತಂದ ಕೂಡಲೇ ಚಿಪ್‌ನೊಳಗೆ ಅದರ ಗುರುತಿನ ಸಂಖ್ಯೆ ಇರುವ ಜಾಗವನ್ನು (ರಿಜಿಸ್ಟರ್) ಕೋಡ್‌ನಿಂದ ಓದಿ. ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಆಮೇಲೆ ಒಂದು ಪರೀಕ್ಷೆ ಮಾಡಿ: ಕೈಯಲ್ಲಿ ಹಿಡಿದು ನೆಲಮಹಡಿಯಿಂದ ಟೆರೇಸ್‌ಗೆ ಹತ್ತಿ. ಮೀಟರ್‌ಗೆ 0.1 ಮಿಲಿಬಾರ್‌ನಂತೆ ಇಳಿಯಬೇಕು. ಮೂರು ಮಹಡಿಗೆ ಸರಿಸುಮಾರು ಒಂದು ಮಿಲಿಬಾರ್. ಇಷ್ಟು ಸರಿಯಾಗಿ ಬಂದರೆ ಸೆನ್ಸರ್ ಚೆನ್ನಾಗಿದೆ.

ಅದರ ತಾಪಮಾನವನ್ನು ಮಾತ್ರ ನಾನು ಬಳಸುವುದಿಲ್ಲ. ಪೆಟ್ಟಿಗೆಯ ಒಳಗಿನ ಬಿಸಿಯೂ ಅದರಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಡಿಎಸ್18ಬಿ20 ಅನ್ನುವ ಬೇರೆ ತಾಪಮಾನ ಸೆನ್ಸರ್ ಹಾಕಿದ್ದೇನೆ, ಹೊರಗೆ, ಗಾಳಿ ಆಡುವ ಗೂಡಿನಲ್ಲಿ. ಗೂಡು ಅಂದರೆ ಹೂಕುಂಡದ ಕೆಳಗೆ ಇಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುನಡುವೆ ಒಂದೂವರೆ ಸೆಂಟಿಮೀಟರ್ ಪಿವಿಸಿ ಪೈಪ್ ತುಂಡು ಇಟ್ಟು, ಮೂರು ಉದ್ದನೆಯ ಥ್ರೆಡ್ ರಾಡ್‌ನಲ್ಲಿ ಪೋಣಿಸಿದ್ದು. ಮೇಲಿನ ಎರಡು ಬಿಟ್ಟು ಉಳಿದವಕ್ಕೆ ನಡುವೆ ತೂತು. ಬಿಸಿಲು ಸೆನ್ಸರ್ ಮೇಲೆ ಬೀಳಬಾರದು, ಗಾಳಿ ಮಾತ್ರ ಹಾಯಬೇಕು. ಕಾಂಕ್ರೀಟ್ ಟೆರೇಸ್ ಕಾದು ಶಾಖ ಉಗುಳುವುದರಿಂದ ಹವಾಮಾನ ಇಲಾಖೆಯ ಅಂಕಿಗೆ ಇದು ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಹತ್ತು ನಿಮಿಷದಲ್ಲಿ ಎಷ್ಟು ಬಿತ್ತು ಅನ್ನುವುದಷ್ಟೇ ಸಾಕು.

ಇಡೀ ಪ್ರಾಜೆಕ್ಟಿನಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ ಒತ್ತಡದ ಬಾಯಿ. ಒತ್ತಡದ ಸೆನ್ಸರ್ ಇರುವ ಪೆಟ್ಟಿಗೆಗೆ ಸುಮ್ನೆ ಒಂದು ತೂತು ಮಾಡಿದರೆ ಸಾಲದು. ಗಾಳಿ ಆ ತೂತಿಗೆ ಎದುರಾಗಿ ಬೀಸಿದರೆ ಒಳಗೆ ಒತ್ತಡ ಏರುತ್ತದೆ, ಪಕ್ಕದಿಂದ ಹಾದರೆ ಇಳಿಯುತ್ತದೆ. ಎಷ್ಟು? ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಎದುರಿಗೆ ಬಡಿದರೆ ಒಂದು ಮಿಲಿಬಾರ್. ಅಂದರೆ ನಾವು ಹುಡುಕುತ್ತಿರುವ ಸಂಕೇತದಷ್ಟೇ ದೊಡ್ಡ ತಪ್ಪು, ಅದೂ ಅದೇ ಹೊತ್ತಿಗೆ! ತಣ್ಣನೆ ಗಾಳಿಯ ಭಾರ ಯಾವುದು, ಪೆಟ್ಟಿಗೆಗೆ ಬಡಿದ ಗಾಳಿಯ ಒತ್ತು ಯಾವುದು ಅಂತ ಆಮೇಲೆ ಯಾವ ಕೋಡ್ ಬರೆದರೂ ಬೇರೆ ಮಾಡಲಾಗದು. ಇದಕ್ಕೆ ಪರಿಹಾರ ಎರಡು ಚಪ್ಪಟೆ ಬಿಲ್ಲೆಗಳು. ಹತ್ತು ಸೆಂಟಿಮೀಟರ್ ಅಗಲದ ಎರಡು ಅಕ್ರಿಲಿಕ್ ಬಿಲ್ಲೆ ಕತ್ತರಿಸಿಕೊಂಡು, ನಡುವೆ ಒಂದು ಸೆಂಟಿಮೀಟರ್ ಜಾಗ ಬಿಟ್ಟು, ನೆಲಕ್ಕೆ ಸಮಾನಾಂತರವಾಗಿ ಜೋಡಿಸಿದೆ. ಮೇಲಿನ ಬಿಲ್ಲೆಯ ನಟ್ಟನಡುವೆ ಮೂರು ಮಿಲಿಮೀಟರ್ ತೂತು, ಅದಕ್ಕೆ ಸಿಲಿಕಾನ್ ಟ್ಯೂಬ್, ಆ ಟ್ಯೂಬ್ ಪೆಟ್ಟಿಗೆಗೆ. ಪೆಟ್ಟಿಗೆಗೆ ಅದೊಂದೇ ಬಾಯಿ, ಉಳಿದೆಲ್ಲ ರಬ್ಬರ್ ಗ್ಯಾಸ್ಕೆಟ್ ಹಾಕಿ ಬಿಗಿ. ಗಾಳಿ ಯಾವ ದಿಕ್ಕಿನಿಂದ ಬಂದರೂ ಬಿಲ್ಲೆಗಳ ನಡುವೆ ನೇರವಾಗಿ ಹಾದುಹೋಗುತ್ತದೆ, ತೂತಿನ ಎದುರಿಗೆ ಬಡಿಯುವುದಿಲ್ಲ. ತೂತು ಮೇಲಿನ ಬಿಲ್ಲೆಯಲ್ಲಿ, ಕೆಳಗೆ ಮುಖ ಮಾಡಿರುವುದರಿಂದ ಮಳೆ ನೀರೂ ಒಳಗೆ ಹೋಗುವುದಿಲ್ಲ. ಕೆಳಗಿನ ಬಿಲ್ಲೆಯಲ್ಲಿ ತೂತು ಮಾಡಿದರೆ ಮೊದಲ ಮಳೆಗೇ ಟ್ಯೂಬಿನಲ್ಲಿ ನೀರು ನಿಂತು ಒತ್ತಡದ ಗೆರೆ ಸತ್ತು ಹೋಗುತ್ತದೆ.

ಇದನ್ನು ಮನೆಯೊಳಗೆ ಟೇಬಲ್ ಫ್ಯಾನ್ ಇಟ್ಟು ಪರೀಕ್ಷಿಸಬಹುದು. ಬರೀ ತೂತಿನ ಪೆಟ್ಟಿಗೆಯ ಮುಂದೆ ಫ್ಯಾನ್ ಹಾಕಿದರೆ 0.1 ಮಿಲಿಬಾರ್ ಆಸುಪಾಸು ಕುಣಿತ ಕಾಣುತ್ತದೆ. ಬಿಲ್ಲೆ ಜೋಡಿಸಿದ ಮೇಲೆ ಫ್ಯಾನ್ ಆನ್ ಆಗಿದ್ದು ಗೆರೆಯಲ್ಲಿ ಗೊತ್ತೇ ಆಗುವುದಿಲ್ಲ. ಪರೀಕ್ಷೆ ಮಾಡುವಾಗ ಬಾಗಿಲು ಹಾಕುವುದು ತೆಗೆಯುವುದು ಮಾಡಬೇಡಿ, ಅದೂ ದಾಖಲಾಗುತ್ತದೆ.

ವಿದ್ಯುತ್ ಮತ್ತು ಸಿಡಿಲು. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಟೆರೇಸ್ ಮೇಲಿನ ಉಪಕರಣದಿಂದ ಮನೆಯೊಳಗೆ ಯಾವ ತಂತಿಯೂ ಬರಬಾರದು. ಎತ್ತರದ ಕಬ್ಬಿಣದ ಕಂಬ ಬೇಡ. ನನ್ನದು ಪಿವಿಸಿ ಪೈಪ್, ನೀರಿನ ಟ್ಯಾಂಕಿಗಿಂತ ತಗ್ಗು. ಸೆನ್ಸರ್‌ಗಳನ್ನು ಓದುವುದು ಇಎಸ್‌ಪಿ32 ಅನ್ನುವ ವೈಫೈ ಇರುವ ಚಿಕ್ಕ ಕಂಪ್ಯೂಟರ್ ಬೋರ್ಡ್, ಮಾಹಿತಿ ವೈಫೈನಲ್ಲಿ ಕೆಳಗೆ ಬರುತ್ತದೆ. ಪವರ್‌ಗೆ 6 ವೋಲ್ಟ್‌ನ ಚಿಕ್ಕ ಸೋಲಾರ್ ಪ್ಯಾನೆಲ್, ಒಂದು 18650 ಲಿಥಿಯಂ ಸೆಲ್, ಚಾರ್ಜಿಂಗ್ ಮಾಡ್ಯೂಲ್. ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜ್ ಮಾಡಬಾರದು, ಬಿಸಿಲಿನಲ್ಲಿಟ್ಟ ಪೆಟ್ಟಿಗೆ ಅದನ್ನು ಸುಲಭವಾಗಿ ದಾಟುತ್ತದೆ, ಹಾಗಾಗಿ ಬ್ಯಾಟರಿ ಮತ್ತು ಬೋರ್ಡ್ ಇರುವ ಪೆಟ್ಟಿಗೆ ಟ್ಯಾಂಕಿನ ಕೆಳಗಿನ ನೆರಳಿನಲ್ಲಿದೆ. ಸೋಲಾರ್ ಹಾಕಿದ್ದಕ್ಕೆ ಇನ್ನೊಂದು ಲಾಭ ಇದೆ. ನಮ್ಮ ಬಡಾವಣೆಯಲ್ಲಿ ಜೋರು ಗಾಳಿ ಬಂದ ಕೂಡಲೇ ಕರೆಂಟ್ ಹೋಗುತ್ತದೆ, ಅಂದರೆ ಉಪಕರಣ ಬೇಕಾಗುವ ಹೊತ್ತಿಗೇ. ಒಳಗಿನ ವೈಫೈ ರೌಟರ್‌ಗೂ ಚಿಕ್ಕ ಯುಪಿಎಸ್ ಹಾಕಿಡಿ. ಗುಡುಗು ಕೇಳಿಸುತ್ತಿರುವಾಗ ಏನಾಗಿದೆ ನೋಡೋಣ ಅಂತ ಟೆರೇಸ್ ಹತ್ತಲೇಬೇಡಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲಿದ್ದೇವೆ ಅಂತಲೇ ಅರ್ಥ.

ಮಿಂಚಿನ ಸೆನ್ಸರ್ ಬೇರೆ ಪೆಟ್ಟಿಗೆಯಲ್ಲಿ, ಮನೆಯೊಳಗೆ ಕಿಟಕಿಯ ಹತ್ತಿರ. ಎಎಸ್3935 ಅನ್ನುವ ಚಿಪ್. ಮಿಂಚು ಹೊರಡಿಸುವ ರೇಡಿಯೋ ಅಲೆಯನ್ನು 500 ಕಿಲೋಹರ್ಟ್ಸ್ ಸುತ್ತಮುತ್ತ ಕೇಳಿ, ಮಳೆ ಮೋಡದ ಅಂಚು ಎಷ್ಟು ದೂರದಲ್ಲಿದೆ ಅಂತ 40 ಕಿಲೋಮೀಟರ್ ತನಕ ಅಂದಾಜು ಹೇಳುತ್ತದೆ. ಮೊದಲು ಇದರ ಆಂಟೆನಾವನ್ನು ಒಳಗಿನ ಕೆಪಾಸಿಟರ್‌ಗಳಿಂದ 500 ಕಿಲೋಹರ್ಟ್ಸ್‌ಗೆ ಶ್ರುತಿ ಮಾಡಬೇಕು, 3.5 ಶೇಕಡಾ ಒಳಗೆ ಬರಬೇಕು, ಇಲ್ಲದಿದ್ದರೆ ದೂರದ ಲೆಕ್ಕ ಕೆಡುತ್ತದೆ. ಅಗ್ಗದ ಸ್ವಿಚಿಂಗ್ ಅಡಾಪ್ಟರ್, ಎಲ್‌ಇಡಿ ಬಲ್ಬ್, ಮಿಕ್ಸಿ ಎಲ್ಲವೂ ಇದಕ್ಕೆ ಗಲಾಟೆ. ಬ್ಯಾಟರಿಯಿಂದ ಪವರ್ ಕೊಟ್ಟು, ಇಎಸ್‌ಪಿ32 ಬೋರ್ಡಿನಿಂದ ಒಂದು ಮೊಳ ದೂರ ಇಟ್ಟ ಮೇಲೆ ಸುಳ್ಳು ಸೂಚನೆ ತುಂಬಾ ಕಡಿಮೆಯಾಯಿತು. ಚಿಪ್‌ನಿಂದ ಸೂಚನೆ (ಇಂಟರಪ್ಟ್) ಬಂದ ಮೇಲೆ ಎರಡು ಮಿಲಿಸೆಕೆಂಡ್ ಕಾದು ರಿಜಿಸ್ಟರ್ ಓದಬೇಕು, ಇದನ್ನು ಬಿಟ್ಟ ಕೋಡ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ. ಇದು ಹೇಳುವ ದೂರವನ್ನು ಅಂದಾಜು ಅಂತಲೇ ತಗೊಳ್ಳಿ. ನಿಜವಾದ ಸಿಡಿಲಿನ ಎಚ್ಚರಿಕೆಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಮಾಡಿರುವ ದಾಮಿನಿ ಆಪ್, ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆಪ್ ಇವೆ. ಹೊಲದಲ್ಲಿ ಕೆಲಸ ಮಾಡುವವರ ಫೋನಿನಲ್ಲಿ ಅವು ಇರಲೇಬೇಕು.

ಮಳೆಮಾಪಕ ಬೇಗ ಮುಗಿಯಿತು. 16 ಸೆಂಟಿಮೀಟರ್ ವ್ಯಾಸದ ಆಲಿಕೆ, ಅಂದರೆ ಸುಮಾರು 200 ಚದರ ಸೆಂಟಿಮೀಟರ್ ಬಾಯಿ. ಒಂದು ಮಿಲಿಮೀಟರ್ ಮಳೆಗೆ 20 ಮಿಲಿಲೀಟರ್ ನೀರು. ಆಲಿಕೆಯ ಕೆಳಗೆ ನೀರು ತುಂಬಿದಾಗ ತಾನೇ ಮಗುಚುವ ಬಟ್ಟಲು ಇದೆ, ಅದು 4 ಮಿಲಿಲೀಟರ್‌ಗೆ ಮಗುಚುವ ಹಾಗೆ ಸ್ಕ್ರೂ ತಿರುಗಿಸಿ ಹೊಂದಿಸಿದರೆ ಪ್ರತಿ ಮಗುಚುವಿಕೆ 0.2 ಮಿಲಿಮೀಟರ್. ಆ ನೀರು ಅಳೆಯಲು ಔಷಧಿ ಅಂಗಡಿಯ ಸಿರಿಂಜ್ ಸಾಕು.

ಕೋಡ್‌ನಲ್ಲಿ ಹೇಳುವಂಥದ್ದು ಕಡಿಮೆ. ಸೆಕೆಂಡಿಗೊಮ್ಮೆ ಓದಿ, ಹತ್ತು ಸೆಕೆಂಡಿನ ಸರಾಸರಿ ತೆಗೆದು ಬೋರ್ಡಿನಲ್ಲೇ ಬರೆದಿಡುತ್ತದೆ, ಐದು ನಿಮಿಷಕ್ಕೊಮ್ಮೆ ಕಳಿಸುತ್ತದೆ. ನಿಯಮ ಒಂದೇ: ಹತ್ತು ನಿಮಿಷದಲ್ಲಿ ಒತ್ತಡ 0.5 ಮಿಲಿಬಾರ್‌ಗಿಂತ ಜಾಸ್ತಿ ಏರಿರಬೇಕು, ತಾಪಮಾನ 2 ಡಿಗ್ರಿಗಿಂತ ಜಾಸ್ತಿ ಬಿದ್ದಿರಬೇಕು. ಎರಡೂ ಆದರೆ ತಕ್ಷಣ ಫೋನಿಗೆ ಸಂದೇಶ. ಎರಡೂ ಯಾಕೆ? ಮೋಡ ಸೂರ್ಯನಿಗೆ ಅಡ್ಡ ಬಂದರೂ ತಾಪಮಾನ ಬೀಳುತ್ತದೆ, ಆದರೆ ಒತ್ತಡ ಅಲ್ಲಾಡುವುದಿಲ್ಲ. ಒತ್ತಡ ಒಂದೇ ಕುಣಿದರೆ ಅದು ಬೇರೆ ಏನಾದರೂ ಇರಬಹುದು. ತಣ್ಣನೆ ಗಾಳಿ ಮಾತ್ರ ಎರಡನ್ನೂ ಒಟ್ಟಿಗೆ ಮಾಡುತ್ತದೆ.

ಮೇ ತಿಂಗಳ ಒಂದು ಸಂಜೆಯ ದಾಖಲೆ ಇಲ್ಲಿದೆ. 4:50ಕ್ಕೆ 908.9 ಮಿಲಿಬಾರ್, 33 ಡಿಗ್ರಿ. 4:55ರಿಂದ ಒತ್ತಡ ಮೇಲಕ್ಕೆ ಹೊರಟಿತು, ಆಗಿನ್ನೂ ತಾಪಮಾನ ಹಾಗೇ ಇತ್ತು. 4:58ಕ್ಕೆ 909.5, ಗಾಳಿ ದಿಕ್ಕು ಬದಲಿಸಿ ಜೋರಾಯಿತು. ಆಮೇಲೆ ತಾಪಮಾನ ಜಾರತೊಡಗಿತು. 5:04ಕ್ಕೆ 26 ಡಿಗ್ರಿ, ಒತ್ತಡ 910.4. ಮಳೆಮಾಪಕದ ಮೊದಲ ಮಗುಚುವಿಕೆ 5:09ಕ್ಕೆ. ಒತ್ತಡ, ಗಾಳಿ, ತಂಪು, ಮಳೆ: ಇದೇ ಸರದಿಯನ್ನು ವಿಜ್ಞಾನಿಗಳು ಬೇರೆ ಬೇರೆ ದೇಶಗಳಲ್ಲಿ ನೋಡಿ ಬರೆದಿದ್ದಾರೆ. ಒತ್ತಡ ತಂಪಿಗಿಂತಲೂ ಮುಂಚೆ ಏರುವುದು ಯಾಕೆಂದರೆ ಮುನ್ನುಗ್ಗುವ ತಣ್ಣನೆ ಗಾಳಿ ಎದುರಿಗಿರುವ ಬಿಸಿ ಗಾಳಿಯನ್ನು ತಳ್ಳುತ್ತದೆ, ಆ ಒತ್ತು ಅಂಚಿಗಿಂತ ಸ್ವಲ್ಪ ಮುಂದೆ ತಲುಪಿರುತ್ತದೆ. ಏಳು ಡಿಗ್ರಿ ಬಿದ್ದು ಒಂದೂವರೆ ಮಿಲಿಬಾರ್ ಏರಿದೆ ಅಂದರೆ ಮೇಲಿನ ಲೆಕ್ಕದಂತೆ ಆ ತಣ್ಣನೆ ಗಾಳಿಯ ದಪ್ಪ ಸುಮಾರು ಆರುನೂರು ಮೀಟರ್. ಟೆರೇಸ್ ಮೇಲಿನ ಎರಡು ಸೆನ್ಸರ್‌ನಿಂದ ಆಕಾಶದಲ್ಲಿ ಆರುನೂರು ಮೀಟರ್ ಅಳೆದದ್ದು! ಇದು ಒರಟು ಅಂದಾಜು, ನಿಜ, ಆದರೂ ಆ ರಾತ್ರಿ ನಾನು ಗೆರೆಯನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಎಲ್ಲ ಮಳೆಯೂ ಹೀಗೆ ಬರೆಯುವುದಿಲ್ಲ. ಜೂನ್, ಜುಲೈ ತಿಂಗಳ ಜಿಟಿಜಿಟಿ ಮುಂಗಾರಿನಲ್ಲಿ ನೆಲದ ಹತ್ತಿರದ ಗಾಳಿ ಆಗಲೇ ತೇವವಾಗಿರುತ್ತದೆ, ಹನಿ ಅಷ್ಟಾಗಿ ಆವಿಯಾಗುವುದಿಲ್ಲ, ತಣ್ಣಗಾಗಿ ಧುಮುಕುವ ಗಾಳಿಯೂ ಇಲ್ಲ. ಒತ್ತಡದ ಗೆರೆಯಲ್ಲಿ ದಿನದ ಅಲೆ ಬಿಟ್ಟರೆ ಬೇರೇನೂ ಕಾಣದು. ಇನ್ನು ಕೆಲವು ಸಲ ಬೇಸಿಗೆಯಲ್ಲಿ ತಣ್ಣನೆ ಗಾಳಿ ಬಂದು ಎಚ್ಚರಿಕೆ ಬಾರಿಸುತ್ತದೆ, ಮಳೆ ಮಾತ್ರ ನಮ್ಮ ಕಡೆ ಬರುವುದೇ ಇಲ್ಲ. ಅದನ್ನು ನಾನು ಸುಳ್ಳು ಎಚ್ಚರಿಕೆ ಅಂತ ಎಣಿಸುವುದಿಲ್ಲ. ಮೋಡ ಬೇರೆಲ್ಲೋ ಮಳೆ ಸುರಿಸಿ ಅದರ ಗಾಳಿ ಇಲ್ಲಿಗೆ ಬಂದಿದೆ, ಮರ ಮುರಿಯಲು ಅಷ್ಟು ಸಾಕು. ಅಂಥ ಗಾಳಿಯ ಅಂಚು ಬಿಸಿ ಗಾಳಿಯನ್ನು ಮೇಲೆತ್ತಿ ಪಕ್ಕದಲ್ಲಿ ಹೊಸ ಮೋಡ ಹುಟ್ಟಿಸುವುದೂ ಉಂಟು.

ಸಿಗುವ ಸಮಯ ಕಡಿಮೆ. ಒತ್ತಡದ ಎಚ್ಚರಿಕೆ ಬಂದ ಮೇಲೆ ಮಳೆಗೆ ಐದು ಹತ್ತು ನಿಮಿಷ ಅಷ್ಟೇ, ಗಾಳಿಗಂತೂ ಒಂದೆರಡು ನಿಮಿಷವೂ ಇರುವುದಿಲ್ಲ. ಬಟ್ಟೆ ತೆಗೆಯಬಹುದು, ಮರದ ಕೆಳಗೆ ನಿಂತವರನ್ನು ಆಚೆ ಕರೆಯಬಹುದು. ಸಮಯ ಹೆಚ್ಚಿಸಬೇಕಾದರೆ ಉಪಕರಣ ಒಂದೇ ಮನೆಯಲ್ಲಿದ್ದರೆ ಆಗದು. ಮೂರು ಬೇಕು, ಒಂದೇ ಸಾಲಿನಲ್ಲಿ ಅಲ್ಲ, ತ್ರಿಕೋನವಾಗಿ, ಮೂರು ಮೂರು ಕಿಲೋಮೀಟರ್ ದೂರದಲ್ಲಿ. ಗಾಳಿಯ ಅಂಚು ಸೆಕೆಂಡಿಗೆ ಹತ್ತು ಮೀಟರ್ ಓಡಿದರೆ ಒಂದರಿಂದ ಇನ್ನೊಂದಕ್ಕೆ ಐದು ನಿಮಿಷ, ಮೂರು ಸಮಯಗಳ ವ್ಯತ್ಯಾಸದಿಂದ ಅದರ ದಿಕ್ಕು ಮತ್ತು ವೇಗ ಎರಡೂ ಸಿಗುತ್ತವೆ. ಎರಡನೆಯದರ ಬಿಲ್ಲೆಗಳನ್ನು ಕತ್ತರಿಸಿಯಾಗಿದೆ. ಮೂರಕ್ಕೂ ಗಡಿಯಾರ ಒಂದೇ ಇರಬೇಕಾದ್ದರಿಂದ ಇಂಟರ್ನೆಟ್ ಸಮಯದ ಜೊತೆ ಪ್ರತಿಯೊಂದಕ್ಕೂ ಒಂದು ಡಿಎಸ್3231 ಗಡಿಯಾರದ ಚಿಪ್ಪನ್ನೂ ಹಾಕುತ್ತಿದ್ದೇನೆ, ರೌಟರ್ ನಿಂತರೂ ಸಮಯ ಜಾರಬಾರದು.